ಮಗಳಿಗೊಂದು ಪತ್ರ: ಕೆಳಗೊಂದು ರೂಮು ಇರಲಿ

ಪುಟ್ಟೀ,

ಭಾನುವಾರ ಫೋನಿನಲ್ಲಿ ಮಾತು ಜಗಳಕ್ಕೆ ತಿರುಗಿತು. "ಮನೆ ನಂದು, ಪ್ಲಾನೂ ನಂದು" ಅಂದೆ. ಹೌದಮ್ಮ, ನಿಂದೇ. ನಮ್ಮ ಮನೆತನದ ಹೆಣ್ಣುಮಕ್ಕಳಲ್ಲಿ ಖಾತೆಯಲ್ಲಿ ಹೆಸರಿರುವವಳು ನೀನೊಬ್ಬಳೇ. ಆ ಕಾಗದ ಓದುವಾಗ ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ದನಿ ಏರಿಸಿದ್ದು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಬುಧವಾರ ಪ್ಲಾನ್ ಮಂಜೂರಾತಿಗೆ ಹೋಗುತ್ತದೆ ಅಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ 30×40 ಸೈಟು ಅಂದರೆ ಸಾಮಾನ್ಯವಲ್ಲ. ಆದರೆ ನೀನು ಕಳಿಸಿದ ನಕ್ಷೆಯಲ್ಲಿ ಕೆಳಗೆ ಕಾರು, ದೊಡ್ಡ ಹಾಲು, ಓಪನ್ ಕಿಚನ್, ಮೆಟ್ಟಿಲ ಅಡಿಯಲ್ಲೊಂದು ಟಾಯ್ಲೆಟ್ಟು. ಮಲಗುವ ಕೋಣೆ ಮೂರೂ ಮೇಲೆ.

ಅಜ್ಜಿಯ ಸೊಂಟ ಮುರಿದಾಗ ನೀನು ಹಾಸ್ಟೆಲಿನಲ್ಲಿದ್ದೆ. ಅವರನ್ನು ಮಹಡಿಯಿಂದ ಇಳಿಸಿದ್ದು ನಿನಗೂ ಗೊತ್ತು, ಬಿಡು. ನಿನಗೆ ಗೊತ್ತಿಲ್ಲದ್ದು ಬಚ್ಚಲ ಬಾಗಿಲಿನ ವಿಷಯ. ಬಾಗಿಲು ಎರಡೂವರೆ ಅಡಿ. ಚೌಕಟ್ಟು, ಕದದ ದಪ್ಪ ಕಳೆದರೆ ಉಳಿಯುತ್ತಿದ್ದದ್ದು ಎರಡಡಿ ಚಿಲ್ಲರೆ. ವ್ಹೀಲ್‌ಚೇರಿನ ಚಕ್ರ ಚೌಕಟ್ಟಿಗೆ ತಾಗಿ ಅಲ್ಲೇ ನಿಲ್ಲುತ್ತಿತ್ತು. ಅಲ್ಲಿಂದ ಒಳಕ್ಕೆ ನಾನು ಕಂಕುಳಿಗೆ ಕೈಕೊಟ್ಟು ಎತ್ತಬೇಕು, ಅಪ್ಪ ಕಾಲು ಹಿಡಿಯಬೇಕು. ಮಗ ಹಾಗೆ ಎತ್ತುವುದು ಅಜ್ಜಿಗೆ ಎಷ್ಟು ಸಂಕೋಚ ಅಂದರೆ, ಸಂಜೆ ನಾಲ್ಕಾದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟರು. ತುಂಬಿಸಿಟ್ಟ ಲೋಟ ಬೆಳಿಗ್ಗೆ ಹಾಗೇ ಇರುತ್ತಿತ್ತು, ಬಿರುಬೇಸಿಗೆಯಲ್ಲೂ. ಒಡೆದ ತುಟಿಗೆ ತುಪ್ಪ ಸವರುತ್ತಾ ಕೇಳಿದರೆ "ಬಾಯಾರಿಕೆ ಇಲ್ಲಮ್ಮ" ಅನ್ನುತ್ತಿದ್ದರು. ಬಾಗಿಲು ಇನ್ನರ್ಧ ಅಡಿ ಅಗಲವಿದ್ದಿದ್ದರೆ ಆ ಹಿರಿಜೀವ ನೆಮ್ಮದಿಯಾಗಿ ನೀರು ಕುಡಿಯುತ್ತಿತ್ತು.

ಅದಕ್ಕೇ ಹೇಳುವುದು, ಮೇಲಿನ ಮೂರರಲ್ಲಿ ಒಂದು ರೂಮನ್ನು ಕೆಳಗಿಳಿಸು. ಹಾಲು ಚಿಕ್ಕದಾಗುತ್ತದೆ, ಆಗಲಿ. ಹತ್ತು ಜನ ನೆಂಟರು ಸೇರುವುದು ಹಬ್ಬಕ್ಕೆ, ನೀವು ಬಾಳುವುದು ದಿನಾ. ಆ ರೂಮಿಗೇ ಬಾತ್‌ರೂಮು ಇರಲಿ, ಹೊಸ್ತಿಲು ಬೇಡ, ಕದ ಹೊರಗೆ ತೆರೆಯಲಿ. ಒಳಗೆ ಯಾರಾದರೂ ಬಿದ್ದರೆ ಒಳಗೆ ತೆರೆಯುವ ಕದ ಅವರ ಮೈಗೇ ಅಡ್ಡವಾಗುತ್ತದೆ. ಅಂಗವಿಕಲರ ಅನುಕೂಲಕ್ಕೆಂದು ಕೇಂದ್ರ ಸರ್ಕಾರ ಮಾಡಿರುವ ಮಾರ್ಗಸೂಚಿಯಲ್ಲಿ ಬಾಗಿಲ ತೆರಪು 900 ಮಿಲಿಮೀಟರ್ ಇರಬೇಕು ಅಂತಿದೆಯಂತೆ, ಅಪ್ಪ ಹುಡುಕಿ ಹೇಳಿದರು. ಹತ್ತಿರ ಹತ್ತಿರ ಮೂರಡಿ.

"ನಿಮಗೋಸ್ಕರ ಕೇಳ್ತಿದ್ದೀಯಾ?" ಅಂದೆ. ನಮಗೂ ಹೌದು, ನಿನ್ನ ಅತ್ತೆ ಮಾವನಿಗೂ ಹೌದು. ನಾಳೆ ನೀನು ಬಾಣಂತಿಯಾದಾಗ? ಅಳಿಯಂದಿರು, ಬಿಡ್ತು ಅನ್ನು, ಸ್ಕೂಟರಿನಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡರೆ?

ಇನ್ನೊಂದು. ಮೇಲೆ ಪಶ್ಚಿಮಕ್ಕಿರುವ ರೂಮು 10×10 ಅಂತ ಬರೆದಿದ್ದಾರೆ. ಆರಡಿ ಮಂಚ, ಎರಡಡಿ ವಾರ್ಡ್‌ರೋಬು ಹಾಕಿದರೆ ಉಳಿಯುವುದು ಎರಡೇ ಅಡಿ. ಅದರಲ್ಲೇ ಓಡಾಡಬೇಕು, ವಾರ್ಡ್‌ರೋಬಿನ ಬಾಗಿಲೂ ತೆಗೆಯಬೇಕು. ನಕ್ಷೆಯಲ್ಲಿ ಮಂಚ ಚಿಕ್ಕದಾಗಿ ಬರೆದರೆ ಯಾವ ರೂಮೂ ದೊಡ್ಡದಾಗಿಯೇ ಕಾಣುತ್ತದೆ. ಸೈಟಿನಲ್ಲಿ ಸುಣ್ಣದ ಪುಡಿಯಿಂದ ಅಳತೆಗೆ ಸರಿಯಾಗಿ ಗೆರೆ ಎಳೆಸಿ, ಇಬ್ಬರೂ ಒಳಗೆ ನಡೆದಾಡಿ ನೋಡಿ. ಏಪ್ರಿಲ್ ಸಂಜೆ ಬಿಸಿಲು ಆ ಗೋಡೆಗೇ ಬಡಿಯುತ್ತದೆ, ಕಿಟಕಿಗೆ ಅಗಲದ ಸಜ್ಜಾ ಹಾಕಿಸು.

ಓಪನ್ ಕಿಚನ್ ನಿನ್ನಿಷ್ಟ. ಒಗ್ಗರಣೆ ಘಾಟು ಹಾಲಿಗೆಲ್ಲ ಹರಡುತ್ತದೆ ಅಂತ ಮತ್ತೆ ಜಗಳ ತೆಗೆಯುವುದಿಲ್ಲ. ಕೆಳಗಿನ ರೂಮು ಮಾತ್ರ ಬಿಡಬೇಡ. ಮಂಗಳವಾರ ರಾತ್ರಿ ಫೋನ್ ಮಾಡುತ್ತೇನೆ, ಅಷ್ಟರಲ್ಲಿ ಇಂಜಿನಿಯರ್ ಹತ್ತಿರ ಒಂದು ಮಾತು ಕೇಳಿರು.

ನಿನ್ನ,
ಅಮ್ಮ