ವೈವಾ ಮುಗಿಯಿತು, ಥ್ಯಾಂಕ್ಸ್ ಬಾಕಿ ಇದೆ

ಪಿಎಚ್.ಡಿ. ವೈವಾ ಮುಗಿಯಿತು. ಜೊತೆಗಿರುವವರು ಒಬ್ಬರನ್ನೊಬ್ಬರು ಹೇಗೆ ಕಾಣುತ್ತಾರೆ, ಒಬ್ಬರ ಸ್ವಭಾವ ಇನ್ನೊಬ್ಬರನ್ನು ಹೇಗೆ ತಟ್ಟುತ್ತದೆ ಅನ್ನುವುದು ನನ್ನ ವಿಷಯ. ಮಾನಸಗಂಗೋತ್ರಿಯಿಂದ ಹೊರಗೆ ಬರುವಷ್ಟರಲ್ಲಿ ಫೋನ್ ತುಂಬ ಮೆಸೇಜು. ಒಬ್ಬೊಬ್ಬರಿಗೇ ಬರೆಯಲು ಆಗುತ್ತಿಲ್ಲ, ಇಲ್ಲೇ ಹೇಳಿಬಿಡುತ್ತೇನೆ.

ಮೊದಲ ಥ್ಯಾಂಕ್ಸ್ ಮದ್ದೂರು, ಮಳವಳ್ಳಿ ಕಡೆಯ ಸ್ತ್ರೀಶಕ್ತಿ ಸಂಘಗಳ ಅಕ್ಕಂದಿರಿಗೆ. ನಾನು ಕೇಳಿದ್ದು ಕಷ್ಟದ ಕೆಲಸವೇ. ಐದು ಜನರ ಗುಂಪಾದರೆ ಒಬ್ಬೊಬ್ಬರೂ ಉಳಿದ ನಾಲ್ವರ ಸ್ವಭಾವಕ್ಕೆ ಅಂಕ ಕೊಡಬೇಕು, ಒಂದೊಂದು ಪ್ರಶ್ನೆಗೂ 20 ಅಂಕ ಬಂದು ಬೀಳುತ್ತವೆ. "ದಿನಾ ಮುಖ ನೋಡೋರಿಗೆ ಹೆಂಗವ್ವ ನಂಬರ್ ಹಾಕಾದು?" ಅಂತ ಒಬ್ಬರು ಕೇಳಿದ್ದರು. ನ್ಯಾಯವಾದ ಮಾತು, ಅಲ್ವಾ? ಆದರೂ ಪಕ್ಕದವರಿಗೆ ಕಾಣದ ಹಾಗೆ ಸೆರಗು ಮರೆಮಾಡಿಕೊಂಡು ಬರೆದುಕೊಟ್ಟರು.

ಆ ಅಂಕಗಳನ್ನು ಏನು ಮಾಡಿದೆ ಅಂತ ತುಂಬ ಜನ ಕೇಳಿದ್ದೀರಿ. ಮನಶ್ಶಾಸ್ತ್ರಜ್ಞರಾದ ಡೇವಿಡ್ ಕೆನ್ನಿ, ಲಾರೆನ್ಸ್ ಲಾ ವಾಯ್ 1984ರಲ್ಲಿ ಮುಂದಿಟ್ಟ ಸೋಷಿಯಲ್ ರಿಲೇಷನ್ಸ್ ಮಾಡೆಲ್ ಬಳಸಿದೆ. ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಅಂಕದಲ್ಲಿ ಯಾರ ಪಾಲು ಎಷ್ಟು ಅಂತ ಬಿಡಿಸಿ ನೋಡುವ ಲೆಕ್ಕದ ವಿಧಾನ ಅದು. ಮೂಲೆಮನೆಯ ಅಕ್ಕ ಎದುರುಮನೆಯ ಅಕ್ಕನಿಗೆ 'ಬಲು ಸಿಡುಕಿ' ಅಂತ ಅಂಕ ಹಾಕಿದರು ಅಂದುಕೊಳ್ಳಿ. ಮೂಲೆಮನೆಯವರ ಕಣ್ಣಿಗೆ ಎಲ್ಲರೂ ಸಿಡುಕಿಯರೇ ಇರಬಹುದು. ಎದುರುಮನೆಯವರನ್ನು ಇಡೀ ಸಂಘವೇ ಹಾಗನ್ನಬಹುದು. ಎರಡೂ ಅಲ್ಲದೆ ಅವರಿಬ್ಬರ ಮಧ್ಯೆ ಮಾತ್ರ ಏನೋ ಇರಬಹುದು. ಹೀಗೆ ಎಲ್ಲರೂ ಎಲ್ಲರಿಗೂ ಅಂಕ ಕೊಟ್ಟಾಗ ಈ ಮೂರನ್ನೂ ಬೇರೆ ಮಾಡಲು ಗುಂಪಿನಲ್ಲಿ ಕನಿಷ್ಠ ನಾಲ್ವರು ಬೇಕು. ಮೂರನೆಯದನ್ನು ಬರೀ ಅಳತೆಯ ಏರುಪೇರಿನಿಂದ ಬಿಡಿಸಬೇಕಾದರೆ ಒಂದೇ ಗುಣವನ್ನು ಬೇರೆ ಬೇರೆ ಪ್ರಶ್ನೆಗಳಲ್ಲಿ ಕೇಳಬೇಕು. ಕೇಳಿದ್ದನ್ನೇ ಎಷ್ಟು ಸಲ ಕೇಳ್ತೀಯಾ ಅಂತ ಬೈದವರೇ, ಕಾರಣ ಇದು.

ಮಂಡ್ಯದ ದಂಪತಿಗಳಿಗೂ ಥ್ಯಾಂಕ್ಸ್. ನೂರು ಜೋಡಿ ಸಿಕ್ಕರೆ 200 ಬಿಡಿ ಜನ ಅಂತ ಲೆಕ್ಕ ಹಾಕುವ ಹಾಗಿಲ್ಲ, ಗಂಡ ಹೆಂಡತಿಯ ಉತ್ತರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಗಂಡನ ಮುಂಗೋಪ ಗಂಡನದೇ ನೆಮ್ಮದಿಯನ್ನು ಎಷ್ಟು ಕೆಡಿಸುತ್ತದೆ, ಹೆಂಡತಿಯದನ್ನು ಎಷ್ಟು, ಹಾಗೇ ಹೆಂಡತಿಯ ಕಡೆಯಿಂದಲೂ, ಎಲ್ಲವನ್ನೂ ಒಟ್ಟಿಗೆ ನೋಡಬೇಕು. ಹಾಗಾಗಿ ಒಬ್ಬರ ಫಾರಂ ಸಾಲದು. ಯಜಮಾನರು ಕಬ್ಬಿನ ಗದ್ದೆಯಿಂದ ಬರುವ ತನಕ ಜಗಲಿ ಮೇಲೆ ಕೂರಿಸಿ, ಕಾಫಿ ಕೊಟ್ಟು, ಕೆಲವರು ಊಟವನ್ನೂ ಹಾಕಿದಿರಿ.

'ಸರಾಸರಿ ತೆಗೆದು ಮುಗಿಸು' ಅಂದವರು ಬಹಳ ಜನ. ಬೇಡ ಅಂದವರು ಗೈಡ್ ಮೇಡಂ ಒಬ್ಬರೇ, ಅವರಿಗೆ ಋಣಿ. ವೇರಿಯನ್ಸ್ (ಅಂಕಗಳ ಏರುಪೇರಿನ ಅಳತೆ, ಮೈನಸ್ ಇರಲೇಬಾರದು) ಮೈನಸ್ ಬಂದು ನಾನು ತಲೆ ಮೇಲೆ ಕೈ ಹೊತ್ತು ಕೂತಾಗ, ಗುಂಪು ಚಿಕ್ಕದಿದ್ದರೆ ಹೀಗಾಗುವುದುಂಟು ಅಂತ ಸಮಾಧಾನ ಹೇಳಿ ಲೆಕ್ಕ ಹಾಕುವ ಆರ್ (R) ಸಾಫ್ಟ್‌ವೇರ್‌ನ ಕೋಡ್ ತಿದ್ದಿಕೊಟ್ಟ ಗೆಳತಿಗೆ ಮೈಲಾರಿ ದೋಸೆ ಬಾಕಿ ಇದೆ.

ಅಕ್ಕಂದಿರೇ, ಫಲಿತಾಂಶ ಹೇಳಲು ಸಂಘಕ್ಕೆ ಬರುತ್ತೇನೆ. ಯಾರು ಯಾರಿಗೆ ಎಷ್ಟು ಹಾಕಿದರು ಅಂತ ಮಾತ್ರ ಕೇಳಬೇಡಿ, ಸುತರಾಂ ಹೇಳುವುದಿಲ್ಲ.