ಮಳೆನಾಡಿನಲ್ಲೂ ಬತ್ತುವ ಕೊಳವೆಬಾವಿ

ಮಾನ್ಯ ಸಂಪಾದಕರೇ,

ಮುಂಗಾರಿನಲ್ಲಿ ಇಷ್ಟೊಂದು ಮಳೆ ಸುರಿಯುವ ಕೊಡಗಿನಲ್ಲಿ, ಕಾಫಿ ಹೂವಿಗೆ ನೀರು ಹಾಯಿಸುವ ಫೆಬ್ರುವರಿ–ಮಾರ್ಚ್ ವೇಳೆಗೆ ಕೊಳವೆಬಾವಿಗಳು ಏಕೆ ಸೊರಗುತ್ತವೆ ಎಂಬುದಕ್ಕೆ ಉತ್ತರ ನಮ್ಮ ಕಾಲಡಿಯ ಪದರಗಳಲ್ಲಿದೆ. ಮೇಲಿನ ಸಡಿಲ ಮಣ್ಣು ನೀರನ್ನು ಬೇಗ ಇಳಿಸಿಕೊಳ್ಳುತ್ತದೆ. ಅದರಡಿಯ ಜೇಡಿಮಣ್ಣು ಬಹಳಷ್ಟು ನೀರನ್ನು ಹಿಡಿದಿಟ್ಟುಕೊಂಡರೂ ಅದರ ರಂಧ್ರಗಳು ಅತಿ ಸೂಕ್ಷ್ಮವಾಗಿರುವುದರಿಂದ ಮುಂದಕ್ಕೆ ಸುಲಭವಾಗಿ ಬಿಡುವುದಿಲ್ಲ. ಹೀಗಾಗಿ ಇಳಿದ ನೀರಿನ ಒಂದು ಭಾಗ ಇಳಿಜಾರಿನ ಗುಂಟ ಪಕ್ಕಕ್ಕೆ ಸರಿದು, ಗದ್ದೆಯ ಅಂಚಿನಲ್ಲಿ ಒರತೆಯಾಗಿ ಹೊರಬೀಳುತ್ತದೆ. (2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದಾಗ, ನೀರು ತುಂಬಿ ಭಾರವಾದ ಇಂಥ ಮಣ್ಣಿನ ಪಾತ್ರವನ್ನೂ ಮರೆಯುವಂತಿಲ್ಲ.) ಇನ್ನೂ ಕೆಳಗಿರುವ ನೈಸ್, ಚಾರ್ನೊಕೈಟ್‌ನಂತಹ ಗಟ್ಟಿ ಶಿಲೆಯಲ್ಲಿ ನೀರಿಗೆ ಬಿರುಕುಗಳ ಹೊರತು ಬೇರೆ ದಾರಿಯಿಲ್ಲ, ಆಳಕ್ಕಿಳಿದಂತೆ ಆ ಬಿರುಕುಗಳೂ ಸಾಮಾನ್ಯವಾಗಿ ವಿರಳವಾಗುತ್ತವೆ. ನೆರೆಯ ತೋಟದಲ್ಲಿ ನೀರು ಚಿಮ್ಮಿದಾಗ ನಮ್ಮ ಕೊಳವೆಬಾವಿಯಲ್ಲಿ ಬರೀ ಕಲ್ಲುಪುಡಿ ಎದ್ದದ್ದು ಇದರಿಂದಲೇ ಹೊರತು, ತೆಂಗಿನಕಾಯಿ ಹಿಡಿದು ಜಾಗ ತೋರಿಸಿದವರ ತಪ್ಪಿನಿಂದಲ್ಲ.

ಮತ್ತಷ್ಟು ಆಳಕ್ಕೆ ಕೊರೆಯುವುದಕ್ಕಿಂತ, ತಿಂಗಳುಗಟ್ಟಲೆ ನೀರು ನಿಲ್ಲಿಸಿ ನಿಧಾನವಾಗಿ ಇಂಗಿಸುವ ಭತ್ತದ ಗದ್ದೆಗಳನ್ನು ಉಳಿಸಿಕೊಳ್ಳುವುದು ಮೇಲು. ಗದ್ದೆಗೆ ಮಣ್ಣು ತುಂಬಿ ನಿವೇಶನ ಮಾಡಲು ಅನುಮತಿ ನೀಡುವ ಮೊದಲು, ಅದರಿಂದ ಸುತ್ತಲಿನ ತೆರೆದ ಬಾವಿಗಳ ಮೇಲಾಗುವ ಪರಿಣಾಮವನ್ನು ಭೂವಿಜ್ಞಾನಿಗಳಿಂದ ಪರಿಶೀಲಿಸಬೇಕೆಂದು ಜಿಲ್ಲಾಡಳಿತವನ್ನು ಕೋರುತ್ತೇನೆ.

– ಓರ್ವ ಕಾಫಿ ಬೆಳೆಗಾರ, ಸೋಮವಾರಪೇಟೆ ತಾಲ್ಲೂಕು