ಪ್ರೌಢಶಾಲೆಯ ವೃತ್ತಿ ಶಿಕ್ಷಣಕ್ಕೆ ತಾಲ್ಲೂಕಿನಲ್ಲೊಬ್ಬ ವಾರಸುದಾರ ಬೇಕು

ಮಾನ್ಯ ಸಂಪಾದಕರೇ,

ಸರ್ಕಾರಿ ಪ್ರೌಢಶಾಲೆಗಳಲ್ಲಿ ತೃತೀಯ ಭಾಷೆಯ ಬದಲು ಮಕ್ಕಳು ಆರಿಸಿಕೊಳ್ಳಬಹುದಾದ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ವೃತ್ತಿ ತರಗತಿಗಳು ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಬಹುತೇಕ ಎರಡೇ ಸಂದರ್ಭಗಳಲ್ಲಿ: ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯಲ್ಲಿ ತೃತೀಯ ಭಾಷೆಯ ದಿನವೇ ಅವುಗಳ ಹೆಸರು ಕಾಣಿಸಿಕೊಂಡಾಗ, ಇಲ್ಲವೇ ತರಬೇತುದಾರರು ಬಾಕಿ ವೇತನಕ್ಕಾಗಿ ಮನವಿಪತ್ರ ಹಿಡಿದು ನಿಂತಾಗ. ಆ ತರಗತಿಗೆ ಹಣ ಎಲ್ಲಿಂದ ಬರುತ್ತದೆ, ಯಾರ ಕೈಯಿಂದ ಖರ್ಚಾಗುತ್ತದೆ, ತರಗತಿ ಕೆಟ್ಟರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗಳು ಚರ್ಚೆಗೆ ಬಂದದ್ದನ್ನು ನಾನು ಕಂಡಿಲ್ಲ. ಇಂಥ ತರಗತಿಯಿದ್ದ ಪ್ರೌಢಶಾಲೆಯೊಂದರ ಮುಖ್ಯ ಶಿಕ್ಷಕನಾಗಿದ್ದು ನಿವೃತ್ತನಾದವನಾದ್ದರಿಂದ ಈ ಕುರಿತು ಬರೆಯುತ್ತಿದ್ದೇನೆ.

ನಮ್ಮ ಶಾಲೆಗೆ ಮಂಜೂರಾಗಿದ್ದದ್ದು ಆಟೊಮೊಬೈಲ್ ವಿಷಯ. ಜೂನ್ ತಿಂಗಳಲ್ಲಿ ಹಿಂದಿಯನ್ನು ಬಿಟ್ಟು ಅದನ್ನು ಆರಿಸಿಕೊಂಡ ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದು ವರ್ಷ ತರಬೇತುದಾರ ಬಂದದ್ದು ಆಗಸ್ಟ್ ಮುಗಿಯುವ ಹೊತ್ತಿಗೆ. ಅವರನ್ನು ಒದಗಿಸಬೇಕಿದ್ದ ಹೊರಗುತ್ತಿಗೆ ಏಜೆನ್ಸಿಯ ಟೆಂಡರ್ ಅಲ್ಲಿಯವರೆಗೆ ಅಂತಿಮವಾಗಿರಲಿಲ್ಲ. ಬಂದ ಹುಡುಗ ಡಿಪ್ಲೊಮಾ ಓದಿದವನು, ಮಕ್ಕಳಿಗೆ ಅಚ್ಚುಮೆಚ್ಚಾದವನು. ಮೂರು ತಿಂಗಳು ಸಂಬಳವಾಗದೆ, ಪರೀಕ್ಷೆಗೆ ಎರಡು ತಿಂಗಳಿರುವಾಗ ಬೇರೆ ಕೆಲಸ ನೋಡಿಕೊಂಡು ಹೋದ. ಪ್ರಾಯೋಗಿಕ ಪರೀಕ್ಷೆಗೆ ಮಕ್ಕಳನ್ನು ಸಿದ್ಧಪಡಿಸಿದವರು ನಮ್ಮ ವಿಜ್ಞಾನದ ಮೇಷ್ಟ್ರು, ಅದೂ ಅವರ ತಮ್ಮನದೊಂದು ಗ್ಯಾರೇಜು ಇದ್ದದ್ದರಿಂದ.

ಇನ್ನು ಪಾಠದ ವಿಚಾರ. ತುಂಗಭದ್ರಾ ಎಡದಂಡೆ ನಾಲೆಯ ನೀರುಣ್ಣುವ ಈ ಭತ್ತದ ಸೀಮೆಯಲ್ಲಿ ಟ್ರ್ಯಾಕ್ಟರು, ಕಟಾವು ಯಂತ್ರ, ಅಕ್ಕಿ ಗಿರಣಿಗಳ ಸುತ್ತಲೇ ದುಡಿಮೆ ಇದೆ. ಸುಗ್ಗಿಯಲ್ಲಿ ಹೊರರಾಜ್ಯಗಳಿಂದ ಕಟಾವು ಯಂತ್ರಗಳು ಬರುವಾಗ ಅವುಗಳ ಮೆಕ್ಯಾನಿಕ್ಕುಗಳೂ ಜೊತೆಗೇ ಬರುತ್ತಾರೆ. ನಮ್ಮ ಮಕ್ಕಳು ಕಲಿಯುತ್ತಿದ್ದದ್ದು ಮಾತ್ರ ಕಾರು, ಬೈಕುಗಳ ಸರ್ವಿಸಿಂಗ್. ಟ್ರ್ಯಾಕ್ಟರಿನ ಎಂಜಿನ್ನನ್ನೂ ಹೈಡ್ರಾಲಿಕ್ ಭಾಗವನ್ನೂ ಪಾಠಕ್ಕೆ ಸೇರಿಸಬಹುದೇ ಎಂದು ಕೇಳಿದಾಗಲೆಲ್ಲ ನನಗೆ ಸಿಕ್ಕ ಉತ್ತರ ಒಂದೇ: ‘ಅದು ಮೇಲಿನಿಂದ ಬರುವುದು, ಸರ್.’ ಹಾಗೆ ಹೇಳಿದವರು ಸುಳ್ಳು ಹೇಳಲಿಲ್ಲ. ವ್ಯವಸ್ಥೆ ಇರುವುದೇ ಹಾಗೆ.

ಪ್ರೌಢ ಶಿಕ್ಷಣವನ್ನು ವೃತ್ತಿಪರಗೊಳಿಸಬೇಕೆಂಬ ಮಾತು 1964–66ರ ಕೊಠಾರಿ ಆಯೋಗದಷ್ಟು ಹಳೆಯದು. 1988ರಲ್ಲಿ ಇದಕ್ಕೆಂದೇ ಒಂದು ಕೇಂದ್ರ ಪುರಸ್ಕೃತ ಯೋಜನೆ ಆರಂಭವಾಯಿತು. 2018ರಲ್ಲಿ ಅದು ಸಮಗ್ರ ಶಿಕ್ಷಣ ಯೋಜನೆಯೊಳಗೆ ಸೇರಿಹೋಯಿತು. ನಮ್ಮಂಥ ರಾಜ್ಯಗಳಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ರಾಜ್ಯ ಪ್ರತಿವರ್ಷ ವಾರ್ಷಿಕ ಯೋಜನೆ ಸಿದ್ಧಪಡಿಸಬೇಕು, ದೆಹಲಿಯ ಯೋಜನಾ ಅನುಮೋದನಾ ಮಂಡಳಿ ಒಪ್ಪಬೇಕು, ಕಂತುಗಳಲ್ಲಿ ಹಣ ಬಿಡುಗಡೆಯಾಗಬೇಕು, ಆಮೇಲೆ ತರಬೇತುದಾರರನ್ನು ಒದಗಿಸುವ ಒಪ್ಪಂದವಾಗಬೇಕು. ಈ ಸರಪಳಿಯ ಯಾವ ಕೊಂಡಿ ತಡವಾದರೂ ಪೆಟ್ಟು ಬೀಳುವುದು ತುದಿಯ ತರಗತಿಗೆ. 2021–22ರಿಂದ 2025–26ರವರೆಗಿನ ಐದು ವರ್ಷಗಳಿಗೆ ಇಡೀ ದೇಶಕ್ಕೆ ಮಂಜೂರಾದ ಸಮಗ್ರ ಶಿಕ್ಷಣದ ಗಾತ್ರ ಸುಮಾರು 2.94 ಲಕ್ಷ ಕೋಟಿ ರೂಪಾಯಿ. ಅಷ್ಟು ದೊಡ್ಡ ಬುಟ್ಟಿಯಲ್ಲಿ ಕಟ್ಟಡ, ಪಠ್ಯಪುಸ್ತಕ, ಸಮವಸ್ತ್ರಗಳ ನಡುವೆ ವೃತ್ತಿ ಶಿಕ್ಷಣವೂ ಒಂದು ಬಾಬತ್ತು. ತನ್ನ ಪರವಾಗಿ ಜಗಳವಾಡುವವರಿಲ್ಲದ ಬಾಬತ್ತು ಎನ್ನುವುದು ಹೆಚ್ಚು ಸರಿ.

ನಾವು ಇದೇ ಹಳ್ಳಕ್ಕೆ ಒಮ್ಮೆ ಬಿದ್ದವರು. ಪಿಯು ಹಂತದಲ್ಲಿ ಜೆಒಸಿ ಎಂದು ಹೆಸರಾಗಿದ್ದ ಉದ್ಯೋಗಾಧಾರಿತ ಕೋರ್ಸುಗಳು ನನ್ನ ವಯಸ್ಸಿನವರಿಗೆ ನೆನಪಿವೆ. ವರ್ಷಗಟ್ಟಲೆ ಅವನ್ನು ನಡೆಸಿದವರು ಅರೆಕಾಲಿಕ ಉಪನ್ಯಾಸಕರು. ಕೋರ್ಸುಗಳು ನಿಂತ ಮೇಲೆ ಅವರನ್ನು ಸರ್ಕಾರಿ ಸೇವೆಯಲ್ಲಿ ವಿಲೀನಗೊಳಿಸಲು 2011ರಲ್ಲಿ ವಿಶೇಷ ಕಾಯ್ದೆಯನ್ನೇ ತರಬೇಕಾಯಿತು. ಆಗ ಅರೆಕಾಲಿಕ, ಈಗ ಹೊರಗುತ್ತಿಗೆ. ಕಲಿಸುವವನ ಕಾಲ ಕೆಳಗೆ ನೆಲವಿಲ್ಲದಿದ್ದರೆ ಕಲಿಕೆ ಗಟ್ಟಿಯಾಗದು ಎಂಬುದನ್ನು ತಿಳಿಯಲು ಇನ್ನೊಂದು ಪ್ರಯೋಗದ ಅಗತ್ಯವಿರಲಿಲ್ಲ.

ರಾಷ್ಟ್ರೀಯ ಶಿಕ್ಷಣ ನೀತಿ 2020 ಇದಕ್ಕೊಂದು ದಾರಿ ತೋರಿಸಿದೆ: ಒಂದು ಶಾಲೆಯಲ್ಲಿ ಕೌಶಲ ಪ್ರಯೋಗಾಲಯ, ಸುತ್ತಲಿನ ಶಾಲೆಗಳೆಲ್ಲ ಅದನ್ನು ಬಳಸುವುದು. ‘ಹಬ್ ಅಂಡ್ ಸ್ಪೋಕ್’ ಎಂದು ಸುತ್ತೋಲೆಗಳಲ್ಲಿ ಓದುತ್ತೇವೆ. ನಮ್ಮ ಮಾತಿನಲ್ಲಿ ಗಾಡಿಯ ಗುಂಬ ಮತ್ತು ಅರೆಕಾಲು. ಪ್ರತಿ ಹಳ್ಳಿಯ ಶಾಲೆಯಲ್ಲೂ ಲೇತ್ ಯಂತ್ರ ಇಡಲಾಗದು, ಇಡಬೇಕಾದ್ದೂ ಇಲ್ಲ. ಆದರೆ ಯಂತ್ರಗಳು ಇರುವುದೆಲ್ಲಿ? ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಸುಮಾರು 4,700 ಕೋಟಿ ರೂಪಾಯಿ ವೆಚ್ಚದಲ್ಲಿ ನವೀಕರಿಸಿದ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ತಂತ್ರಜ್ಞಾನ ಕೇಂದ್ರಗಳೆಂದು 2022ರ ಜೂನ್‌ನಲ್ಲಿ ಪ್ರಧಾನಿಯವರು ಲೋಕಾರ್ಪಣೆ ಮಾಡಿದರು. ಅವು ಕೌಶಲಾಭಿವೃದ್ಧಿ ಇಲಾಖೆಗೆ ಸೇರಿವೆ, ಪ್ರೌಢಶಾಲೆ ಶಾಲಾ ಶಿಕ್ಷಣ ಇಲಾಖೆಗೆ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ. ಶನಿವಾರ ಮಧ್ಯಾಹ್ನ ಇಪ್ಪತ್ತೈದು ಮಕ್ಕಳನ್ನು ಐಟಿಐ ವರ್ಕ್‌ಶಾಪಿಗೆ ಕರೆದೊಯ್ಯಬೇಕೆಂದರೆ ಬಸ್ ಚಾರ್ಜು ಯಾರು ಕೊಡಬೇಕು, ಬಳಸಿದ ವೆಲ್ಡಿಂಗ್ ಕಡ್ಡಿಗಳನ್ನು ಯಾರ ಲೆಕ್ಕಕ್ಕೆ ಬರೆಯಬೇಕು, ಹದಿನಾಲ್ಕರ ಹುಡುಗಿಯ ಕೈಗೆ ಗಾಯವಾದರೆ ಹೊಣೆ ಯಾರದು? ಈ ಮೂರು ಸಣ್ಣ ಪ್ರಶ್ನೆಗಳಿಗೆ ಸಹಿ ಹಾಕುವ ಅಧಿಕಾರ ತಾಲ್ಲೂಕಿನಲ್ಲಿ ಯಾರಿಗೂ ಇಲ್ಲದ್ದರಿಂದ ದೊಡ್ಡ ನೀತಿ ಕಾಗದದಲ್ಲೇ ಉಳಿಯುತ್ತದೆ. ಗುಂಬವೂ ಇದೆ, ಅರೆಕಾಲುಗಳೂ ಇವೆ. ಜೋಡಿಸುವ ಬಡಗಿ ಇಲ್ಲ.

ನಿವೃತ್ತಿಯ ನಂತರ ಮಗನ ಮನೆಗೆಂದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಹೋದಾಗ ಅಲ್ಲಿನ ‘ಮಿಷನ್ ವ್ಯಾಲಿ ಆರ್‌ಒಪಿ’ ಎಂಬ ಪ್ರಾದೇಶಿಕ ವೃತ್ತಿ ತರಬೇತಿ ಸಂಸ್ಥೆಯ ಬಗ್ಗೆ ತಿಳಿದುಕೊಂಡೆ. ಅಕ್ಕಪಕ್ಕದ ಮೂರು ಶಾಲಾ ಡಿಸ್ಟ್ರಿಕ್ಟ್‌ಗಳು (ಆಯಾ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಗಳು) ಕಾನೂನುಬದ್ಧ ಒಪ್ಪಂದದ ಮೂಲಕ ಒಟ್ಟಾಗಿ ಅದನ್ನು ನಡೆಸುತ್ತವೆ. ಮೂರೂ ಕಡೆಯ ಚುನಾಯಿತ ಶಾಲಾ ಮಂಡಳಿಗಳ ಸದಸ್ಯರು ಅದರ ಆಡಳಿತ ಸಭೆಯಲ್ಲಿ ಕೂರುತ್ತಾರೆ. ಮೂರೂ ಕಡೆಯ ಹೈಸ್ಕೂಲು ಮಕ್ಕಳಿಗೆ ವೃತ್ತಿ ಕೋರ್ಸುಗಳು ಅಲ್ಲಿ ಸಿಗುತ್ತವೆ. ಅಮೆರಿಕದಲ್ಲಿ ಎಲ್ಲವೂ ಸರಿಯಿದೆ ಎಂದು ಸಾರುವುದು ನನ್ನ ಉದ್ದೇಶವಲ್ಲ. ಅಲ್ಲಿನವರು ಎಡವಿದ ಜಾಗವೇ ನಮಗೆ ಹೆಚ್ಚು ಪಾಠ ಕಲಿಸುತ್ತದೆ. ಇಂಥ ಪ್ರಾದೇಶಿಕ ಕೇಂದ್ರಗಳಿಗೆಂದು ಕ್ಯಾಲಿಫೋರ್ನಿಯಾ ಸರ್ಕಾರ ಕೊಡುತ್ತಿದ್ದ ಪ್ರತ್ಯೇಕ ಹಣವನ್ನು 2013ರ ಹೊಸ ಅನುದಾನ ಸೂತ್ರದಲ್ಲಿ ಶಾಲೆಗಳ ಸಾಮಾನ್ಯ ನಿಧಿಯೊಳಗೆ ಸೇರಿಸಲಾಯಿತು. ಹಳೆಯ ಖರ್ಚನ್ನು ಎರಡು ವರ್ಷ ಮುಂದುವರಿಸಬೇಕೆಂಬ ಷರತ್ತಿತ್ತು. ಆಮೇಲೆ ಕೊಡುವುದೂ ಬಿಡುವುದೂ ಡಿಸ್ಟ್ರಿಕ್ಟ್‌ಗಳ ಇಚ್ಛೆ. ಕೇಂದ್ರಗಳು ಸೊರಗತೊಡಗಿದಾಗ 2015ರಲ್ಲಿ ಮೂರು ವರ್ಷಗಳಿಗೆ 90 ಕೋಟಿ ಡಾಲರ್‌ಗಳ ಪ್ರತ್ಯೇಕ ಪ್ರೋತ್ಸಾಹ ಅನುದಾನವನ್ನು ತರಬೇಕಾಯಿತು. ಅದರಲ್ಲೂ ಸ್ಥಳೀಯರು ಮೊದಲ ವರ್ಷ ಡಾಲರಿಗೆ ಡಾಲರು, ಎರಡನೆಯ ವರ್ಷ ಒಂದೂವರೆ, ಮೂರನೆಯ ವರ್ಷ ಎರಡು ಡಾಲರು ಹಾಕಬೇಕೆಂಬ ನಿಯಮವಿತ್ತು. ಕೊನೆಗೆ 2018ರಿಂದ ವರ್ಷಕ್ಕೆ 15 ಕೋಟಿ ಡಾಲರ್‌ಗಳಂತೆ ಅದನ್ನು ಕಾಯಂ ಮಾಡಲಾಯಿತು. ವೃತ್ತಿ ಶಿಕ್ಷಣದ ಹಣವನ್ನು ಸಾಮಾನ್ಯ ಬುಟ್ಟಿಗೆ ಸುರಿದು ಐದು ವರ್ಷಗಳಲ್ಲಿ ಮತ್ತೆ ಹೊರತೆಗೆದ ಆ ಅನುಭವವನ್ನು ಸಮಗ್ರ ಶಿಕ್ಷಣದ ಮುಂದಿನ ಹಂತದ ನಿಯಮ ಬರೆಯುವವರು ಒಮ್ಮೆ ನೋಡಬೇಕು.

ನನ್ನ ಸಲಹೆ ಸರಳವಾಗಿದೆ. ಪ್ರತಿ ತಾಲ್ಲೂಕಿಗೂ ಒಂದು ಜಂಟಿ ವೃತ್ತಿ ಶಿಕ್ಷಣ ಮಂಡಳಿ ಇರಲಿ. ಭಾಗವಹಿಸುವ ಪ್ರೌಢಶಾಲೆಗಳ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪೋಷಕ ಪ್ರತಿನಿಧಿಗಳು, ಪಿಯು ಕಾಲೇಜಿನ ಹಾಗೂ ಐಟಿಐನ ಪ್ರಾಚಾರ್ಯರು, ಕ್ಷೇತ್ರ ಶಿಕ್ಷಣಾಧಿಕಾರಿ, ಇಬ್ಬರು ಮೂವರು ಸ್ಥಳೀಯ ಉದ್ಯಮಿಗಳು ಅದರಲ್ಲಿರಲಿ. ಉದ್ಯಮಿಗಳೆಂದರೆ ದೊಡ್ಡ ಕಂಪನಿಯವರೇ ಆಗಬೇಕಿಲ್ಲ, ಗ್ಯಾರೇಜಿನವರೂ ಗಿರಣಿಯವರೂ ಸಾಕು. ಆದರೆ ಅವರ ಸಂಖ್ಯೆ ಪೋಷಕರಿಗಿಂತ ಹೆಚ್ಚಾಗಬಾರದು, ಹೆಚ್ಚಾದರೆ ತರಗತಿ ಅಗ್ಗದ ಕೂಲಿಯ ಹುಡುಗರನ್ನು ಒದಗಿಸುವ ಜಾಗವಾದೀತು. ಹಣಕ್ಕೆ ಪ್ರತ್ಯೇಕ ಲೆಕ್ಕ ಶೀರ್ಷಿಕೆ ಬೇಕು, ಮೂರು ವರ್ಷಗಳ ಭರವಸೆ ಬೇಕು, ಮತ್ತು ತರಬೇತುದಾರರು ಏಜೆನ್ಸಿಯ ಬದಲು ಮಂಡಳಿಯ ಹಾಜರಿ ಪುಸ್ತಕದಲ್ಲಿರಬೇಕು. ಯಾವ ವೃತ್ತಿ ಕಲಿಸಬೇಕೆಂಬ ಆಯ್ಕೆಯಲ್ಲಿ ಅರ್ಧವಾದರೂ ಈ ಮಂಡಳಿಗೆ ಸೇರಬೇಕು.

ಇದು ಹೊಸ ಅಧಿಕಾರವನ್ನು ಹುಟ್ಟುಹಾಕುವ ಮಾತೇನಲ್ಲ. ಸಂವಿಧಾನದ 73ನೇ ತಿದ್ದುಪಡಿಯಿಂದ ಬಂದ ಹನ್ನೊಂದನೇ ಅನುಸೂಚಿಯಲ್ಲಿ 17ನೆಯದು ಪ್ರಾಥಮಿಕ ಮತ್ತು ಪ್ರೌಢಶಾಲೆಗಳೂ ಸೇರಿದ ಶಿಕ್ಷಣ, 18ನೆಯದು ತಾಂತ್ರಿಕ ತರಬೇತಿ ಮತ್ತು ವೃತ್ತಿ ಶಿಕ್ಷಣ. ಎರಡನ್ನೂ ಪಂಚಾಯಿತಿಗಳಿಗೆ ವಹಿಸಬಹುದೆಂದು ಅಕ್ಕಪಕ್ಕದಲ್ಲೇ ಬರೆದಿಟ್ಟಿದ್ದಾರೆ. 2021ರಲ್ಲಿ ಅವಧಿ ಮುಗಿದ ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಳೇ ಉರುಳಿದರೂ ಚುನಾವಣೆ ನಡೆಸದ ರಾಜ್ಯದಲ್ಲಿ ಈ ಮಾತು ಆಡುವುದು ತುಸು ಮುಜುಗರದ ಸಂಗತಿ, ನಿಜ.

ಬಡವರ ಮಕ್ಕಳನ್ನು ಮಾತ್ರ ಸ್ಪ್ಯಾನರ್ ಹಿಡಿಯಲು ಕಳಿಸುವ ವ್ಯವಸ್ಥೆ ಇದಾಗುತ್ತದೆಂದು ಆಕ್ಷೇಪಿಸುವವರಿದ್ದಾರೆ. ಆ ಭಯ ನನಗೂ ಇದೆ, ಮೂವತ್ತು ವರ್ಷ ಪಾಠ ಹೇಳಿದವನಿಗೆ ಇರಲೇಬೇಕು. ಅದಕ್ಕೇ ಈ ವಿಷಯವನ್ನು ಓದಿದವರಿಗೆ ಪಿಯುಸಿಯ ವಿಜ್ಞಾನವಾಗಲಿ ಡಿಪ್ಲೊಮಾ ಆಗಲಿ ಯಾವ ಬಾಗಿಲೂ ಮುಚ್ಚಬಾರದೆಂಬುದು ಮಂಡಳಿಯ ಮೊದಲ ನಿಯಮವಾಗಬೇಕು. ಇಂದು ಹತ್ತನೆಯದರಲ್ಲಿ ಆಟೊಮೊಬೈಲ್ ಓದಿದ ಹುಡುಗನಿಗೆ ಪಕ್ಕದ ಪಿಯು ಕಾಲೇಜಿನಲ್ಲಿ ಅದೇ ವಿಷಯ ಸಿಗುತ್ತದೆಂಬ ಖಾತರಿಯಿಲ್ಲ. ಎರಡೂ ಸಂಸ್ಥೆಗಳ ಮುಖ್ಯಸ್ಥರು ಒಂದೇ ಮೇಜಿನ ಸುತ್ತ ಕೂತರೆ ಅಷ್ಟನ್ನಾದರೂ ಸರಿಪಡಿಸಬಹುದು.

ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಹಣವಿಲ್ಲವೆಂಬ ನೆಪವೂ ನಿಲ್ಲದು. 371(ಜೆ) ವಿಧಿಯ ಆಸರೆಯಲ್ಲಿ ನಡೆಯುವ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಗಿತ್ತು. ಈ ಮಂಡಳಿ ಜಿಲ್ಲೆಗೊಂದು ತಾಲ್ಲೂಕನ್ನು ಆಯ್ದುಕೊಂಡು, ಮೂರು ವರ್ಷಗಳ ತರಬೇತುದಾರರ ವೇತನ ಮತ್ತು ಮಕ್ಕಳ ಬಸ್ ಖರ್ಚನ್ನು ಮೊದಲೇ ಠೇವಣಿ ಇಟ್ಟು, ಮುಂದಿನ ಜೂನ್‌ನಲ್ಲಿ ಶಾಲೆ ತೆರೆಯುವ ದಿನವೇ ತರಗತಿಯೂ ಆರಂಭವಾಗುವಂತೆ ಏರ್ಪಾಡು ಮಾಡಲಿ ಎಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ನಿವೃತ್ತ ಮುಖ್ಯ ಶಿಕ್ಷಕ,
ಸಿಂಧನೂರು, ರಾಯಚೂರು ಜಿಲ್ಲೆ